ಲೆಕ್ಕಕ್ಕುಂಟು

ಮೊದಲ ದಿನ ಚೀಟಿ ಎತ್ತಿದೆವು.
ಸ್ಟೀಲಿನ ಡಬ್ಬಿ, ಒಳಗೆ ಇನ್ನೂರು ಮನೆ,
ನಮ್ಮ ಜೋಡಿಗೆ ಮೂವತ್ತು.
"ಕಣ್ಣು ಮುಚ್ಚಿ ಎತ್ತಿ, ಕಣ್ಣು ತೆರೆದು ಹೋಗಿ"
ಎಂದರು ಹೊಳಲೂರು ಮೇಡಂ.
ಮೂರು ದಿನದ ಕಾರ್ಯಾಗಾರ, ಕೊರಳಿಗೆ ಹೆಸರಿನ ಕಾರ್ಡು,
ಮಧ್ಯಾಹ್ನಕ್ಕೆ ಪುಲಾವ್.
ನಾನು ಎಂ.ಡಿ. ಎರಡನೇ ವರ್ಷ;
ಇಷ್ಟು ದಿನ ರೋಗಿಗಳೇ ನನ್ನ ಬಳಿ ಬರುತ್ತಿದ್ದರು,
ಸಾಲು ಹಿಡಿದು.

ಅರವತ್ತೊಂದನೇ ಮನೆಗೆ ಬೀಗ.
ತುಂಗಾನಗರದ ನಾಲ್ಕನೇ ತಿರುವು.
ಪಕ್ಕದ ಮನೆಯಾಕೆ ಬಾಗಿಲಲ್ಲೇ ಸೆರಗು ಸರಿಸಿ
ತೋಳು ಮುಂದೆ ಚಾಚಿದಳು:
"ನಮ್ದೇ ನೋಡಿ ಡಾಕ್ಟ್ರೇ, ಯಾರದಾದ್ರೇನು?"
ತಸ್ನೀಮ್ ಪೆನ್ನಿನ ಮುಚ್ಚಳ ತೆಗೆದೇಬಿಟ್ಟಿದ್ದಳು.
ಫೋನಿನಲ್ಲಿ ಮೇಡಂ:
"ಬೀಗ ಹಾಕಿದ ಮನೆ ಖಾಲಿ ಮನೆಯಲ್ಲ.
ಮತ್ತೆ ಹೋಗಿ."

ಮರುದಿನ ಶಾಲೆ ಬಿಟ್ಟ ಹೊತ್ತಿಗೆ ಹೋದೆವು. ಬೀಗ.
ಬೀದಿಯಲ್ಲಿ ಹುಡುಗರ ಆಟ;
ತೀರ ಪುಟ್ಟವನೊಬ್ಬನಿಗೆ ದೊಡ್ಡವರ ತೀರ್ಪು:
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಅವನೋ ಅದನ್ನು ವರವೆಂದೇ ತಿಳಿದು
ಕುಣಿಯುತ್ತಿದ್ದ.

ರಾತ್ರಿ ಎಂಟಕ್ಕೆ
ಗಾರ್ಮೆಂಟ್ಸಿನ ಬಸ್ಸು ಇಳಿಸಿ ಹೋದ ಹೆಂಗಸರಲ್ಲಿ
ಒಬ್ಬಾಕೆ ಆ ಬೀಗ ತೆಗೆದಳು.
ಹೂವಮ್ಮ. ನಲವತ್ತಾರು. ಕೂದಲಲ್ಲಿ ನೀಲಿ ದಾರದ ತುಣುಕು.
ಒಪ್ಪಿಗೆಪತ್ರ ಓದಿ ಹೇಳಿದೆ, ಎರಡೂ ಪುಟ.
"ಬೇಡ ಅಂದ್ರೆ?"
"ಬೇಡ ಅಂತಲೇ ಬರೆದುಕೊಂಡು ಹೋಗ್ತೇವೆ."
ಆಗ ಆಕೆ ಚಾಪೆ ಹಾಸಿದಳು.

ಹನ್ನೊಂದನೇ ಪ್ರಶ್ನೆ:
ಕಳೆದ ಹನ್ನೆರಡು ತಿಂಗಳಲ್ಲಿ ಆರೋಗ್ಯ ಕಾರ್ಯಕರ್ತರು ಯಾರಾದರೂ
ತಮ್ಮ ರಕ್ತದೊತ್ತಡವನ್ನು ಅಳತೆ ಮಾಡಿರುತ್ತಾರೆಯೇ?
ಐದು ಜನ ಕೂತು ಒಂದಿಡೀ ಮಧ್ಯಾಹ್ನ ಕೆತ್ತಿದ ವಾಕ್ಯ.
ಆಕೆ ತಸ್ನೀಮಳ ಕಡೆ ತಿರುಗಿ, "ಏನಂತೆ?"
"ಬಿಪಿ ನೋಡಿದಾರಾ ಯಾರಾದ್ರೂ?"
"ಓ, ಬಿಪಿಯಾ. ಬರೋರೆಲ್ಲ ಹಗಲೇ ಬರ್ತಾರಲ್ಲ."

ಪಟ್ಟಿ ಸುತ್ತಿ ಗುಂಡಿ ಒತ್ತಿದೆ.
ನೂರ ಮೂವತ್ತನಾಲ್ಕು, ಎಂಬತ್ತಾರು.
ಗಡಿಯೊಳಗಿನ ಚೌಕಕ್ಕೆ ಗುರುತು ಹಾಕಿದೆ.
"ಸ್ವಲ್ಪ ಇರಿ" ಅಂದಳು ಹೂವಮ್ಮ,
ತೋಳು ಸುತ್ತಿ ಮಿಕ್ಕ ತುದಿಯನ್ನು ಹಿಡಿದು.
"ಇದು ಎಲ್ ಸೈಜು. ನನ್ನದು ಎಸ್ಸೂ ಇಲ್ಲ.
ಹದಿನಾಲ್ಕು ವರ್ಷದಿಂದ ಅಂಗಿಗೆ ತೋಳು ಕೂರಿಸ್ತಿದೀನಿ;
ಅರ್ಧ ಇಂಚು ತಪ್ಪಿದ್ರೆ ಮುಖಕ್ಕೇ ವಾಪಸ್ಸು."
ಚೀಲದಿಂದ ಟೇಪು ತೆಗೆದು ತಾನೇ ಅಳೆದಳು.
ಇಪ್ಪತ್ತೊಂದು ಸೆಂಟಿಮೀಟರ್.

ಸಣ್ಣ ಪಟ್ಟಿ ಇತ್ತು, ನಮ್ಮದೇ ಕಿಟ್ಟಿನ ತಳದಲ್ಲಿ,
ಪ್ಲಾಸ್ಟಿಕ್ಕು ಹರಿಯದೆ.
ನಿಯಮದಂತೆ ಐದು ನಿಮಿಷ ಸುಮ್ಮನೆ ಕೂತೆವು;
ಪಕ್ಕದ ಮನೆಯ ಕುಕ್ಕರ್ ಮಾತ್ರ ಸುಮ್ಮನಿರಲಿಲ್ಲ.
ನೂರ ನಲವತ್ತಾರು, ತೊಂಬತ್ತೆರಡು.
ಇನ್ನೊಮ್ಮೆ. ನೂರ ನಲವತ್ತನಾಲ್ಕು, ತೊಂಬತ್ತೆರಡು.
ಹಳೆಯ ಗುರುತು ಹೊಡೆದುಹಾಕಿ
ಪಕ್ಕದಲ್ಲಿ ಸಹಿ, ತಾರೀಖು.

ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ.
"ಭಾನುವಾರ ನೋಡ್ತಾರಾ?"
ಗೊತ್ತಿಲ್ಲ ಎಂಬುದಕ್ಕೆ ನಮ್ಮ ಹಾಳೆಯಲ್ಲಿ ಸಂಕೇತ ಎಂಟು.
ಎಂಟು ಎನ್ನಲಾಗದೆ
ಚಪ್ಪಲಿ ಹುಡುಕಿದೆ.

ಮೂರನೇ ದಿನ, ಪರದೆಯ ಮೇಲೆ ನಮ್ಮ ಕೋಷ್ಟಕ.
ಇಪ್ಪತ್ತೊಂಬತ್ತು ತೋಳು ಅಳೆದೇ ಇರಲಿಲ್ಲ.
ಕಣ್ಣು ಮುಚ್ಚಿದರೆ ಬರುವುದು ಬಳೆಗಳು, ಹಚ್ಚೆ,
ಒಬ್ಬ ಮುದುಕನ ಸುಟ್ಟ ಕಲೆ;
ಸುತ್ತಳತೆ ಬರುವುದಿಲ್ಲ.
"ಕೊನೆಗೆ ಸಣ್ಣಕ್ಷರದಲ್ಲಿ ಹಾಕೋಣ, ಮಿತಿಗಳು ಅಂತ"
ಪಿಸುಗುಟ್ಟಿದಳು ತಸ್ನೀಮ್.
ಅದನ್ನೇ ಮೊದಲು ಓದಿದೆ. ಯಾರೋ ಹಿಂದಿನ ಸಾಲಲ್ಲಿ ನಕ್ಕರು.
ಮೇಡಂ ನಗಲಿಲ್ಲ, ಮೆಚ್ಚಲೂ ಇಲ್ಲ:
"ಅದೇ ಮೂವತ್ತು ಮನೆಗೆ ಮತ್ತೆ ಯಾವಾಗ?"

ಸಂಜೆ ಪ್ರಮಾಣಪತ್ರ.
ನನ್ನ ಹೆಸರಲ್ಲಿ ಒಂದಕ್ಷರ ತಪ್ಪಿತ್ತು,
ತಿದ್ದಿಸಲು ನಿಲ್ಲಲಿಲ್ಲ, ಅಂಗಡಿ ಮುಚ್ಚುವ ಹೊತ್ತು.
ಗಾಂಧಿ ಬಜಾರಿನಲ್ಲಿ ಟೇಪು ಕೊಂಡೆ,
ಹಳದಿಯದು, ಹದಿನೈದು ರೂಪಾಯಿ.
ಚಿಲ್ಲರೆ ಎಣಿಸುತ್ತ ಅಂಗಡಿಯವ ಕೇಳಿದ,
"ಟೈಲರಾ?"
"ಕಲೀತಾ ಇದೀನಿ" ಅಂದೆ.