ಹದಿನೇಳನೆಯ ಪ್ರಶ್ನೆ

ಐದು ಮನೆಗಳಿದ್ದವು. ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ,
ಹೇಳಲಾರೆ, ಒಪ್ಪುವುದಿಲ್ಲ,
ಖಂಡಿತ ಒಪ್ಪುವುದಿಲ್ಲ.
ಸೊಲ್ಲಾಪುರದ ಏಪ್ರಿಲ್. ಕರೆಂಟಿಲ್ಲ.
ಬೆವರಿದ ಮಣಿಕಟ್ಟಿಗೆ ಹಾಳೆ ಅಂಟಿಕೊಂಡು
ಕೈ ಎತ್ತಿದರೆ ಜೊತೆಗೇ ಎದ್ದು ಬರುತ್ತಿತ್ತು.

‘ನಾವ ಲಿಹೂ ನಕಾ’ ಎಂದಳು ಪುಣೆಯಿಂದ ಬಂದ ಸಂಶೋಧಕಿ.
‘ಹೆಸರ ಬ್ಯಾಡಂತ’ ಎಂದ ಹಿಂದಿನ ಬೆಂಚಿನವನೊಬ್ಬ,
ನಮಗೆ ಮರಾಠಿ ತಿಳಿಯದೆಂಬಂತೆ.

ಹದಿನೇಳು:
ನನ್ನ ಅಧ್ಯಾಪಕರಲ್ಲಿ ಆಧ್ಯಾತ್ಮಿಕ ಬುದ್ಧಿಮತ್ತೆ ಇದೆ.

ಅಧ್ಯಾಪಕರು ಅಂದರೆ ಒಬ್ಬರೋ, ಹಲವರೋ?
ನಮ್ಮ ಭಾಷೆಯಲ್ಲಿ ಗೌರವಕ್ಕೂ ಗುಂಪಿಗೂ
ಒಂದೇ ಪ್ರತ್ಯಯ.

ಒಬ್ಬರು ವಿಭಾಗದ ಮುಖ್ಯಸ್ಥರು.
ಪಾಠಕ್ಕೆ ಮೊದಲು ಐದು ನಿಮಿಷ ಕಣ್ಣು ಮುಚ್ಚಿಸುತ್ತಾರೆ.
ಮೇಜಿನ ಮೇಲಿನ ಮೊಬೈಲಿನಿಂದ ಓಂಕಾರ.
ದನಿ ಎತ್ತಿದ್ದೇ ಇಲ್ಲ. ಕರುಣೆಯ ಬಗ್ಗೆ ಹೇಳುವಾಗ
ಅವರ ಕಣ್ಣು ತುಂಬುತ್ತದೆ, ನಮ್ಮದೂ ತುಂಬಿದೆ,
ಸುಳ್ಳೇಕೆ ಹೇಳಲಿ.
ಲಾವಣ್ಯಾ ಯೆಮುಲ ಮೂರು ತಿಂಗಳು ಮಗ್ಗದಿಂದ ಮಗ್ಗಕ್ಕೆ ಅಲೆದು
ಹರಿದ ನೂಲಿಗೆ ನೇಕಾರರಲ್ಲಿರುವ ಏಳು ಹೆಸರು ಕೂಡಿಸಿದ್ದಳು,
ಯಂತ್ರದ ಸದ್ದಿನಲ್ಲಿ ಕಿವಿಗೆ ಕಿವಿ ಇಟ್ಟು ಕೇಳಿ.
ಆ ಏಳೂ ದೀಪಾವಳಿ ಸಂಚಿಕೆಯಲ್ಲಿ ಅಚ್ಚಾದವು
ಬೇರೆ ಹೆಸರಿನ ಕೆಳಗೆ.
ಕೊನೆಗೊಂದು ಸಾಲು: ನನ್ನ ಎಲ್ಲ ವಿದ್ಯಾರ್ಥಿಗಳಿಗೆ ಋಣಿ.
ಲಾವಣ್ಯಾ ಈಗ ಅಕ್ಕಲಕೋಟ ರೋಡಿನ ಕಾರ್ಖಾನೆಯಲ್ಲಿ
ಟಾವೆಲ್ ಎಣಿಸುತ್ತಾಳೆ, ಡಜನ್ನಿಗೊಂದು ಗಂಟು.

ಇನ್ನೊಬ್ಬರು ತೋಳನೂರೆ ಸರ್.
ನಶ್ಯದ ಕಲೆಯ ಕರವಸ್ತ್ರ. ದೇವರ ಮಾತು ಬಾಯಲ್ಲಿಲ್ಲ.
ತಡವಾಗಿ ಬಂದ ಮಾಳಪ್ಪನಿಗೆ ಎಲ್ಲರೆದುರು
‘ಎಮ್ಮಿ, ಹೊರಗ ನಿಲ್ಲು’ ಎಂದರು,
ಅದಕ್ಕೆ ಇವತ್ತಿನವರೆಗೂ ಕ್ಷಮೆ ಕೇಳಿಲ್ಲ.

ಆದರೆ ಒಂದು ಜುಲೈನಲ್ಲಿ
ಹಲಗೆಯ ಮುಂದೆ ಸುಮ್ಮನೆ ನಿಂತರು. ಸುಣ್ಣದ ಕಡ್ಡಿ ಬೆರಳಲ್ಲೇ ಮುರಿಯಿತು.
‘ಆ ಹೊಲದ ಕಲ್ಲಿನ ಐದನೇ ಸಾಲು.
ಮೂರು ವರ್ಷ ತಪ್ಪು ಓದಿಸೇನಿ. ನಿನ್ನೆ ಮತ್ತ ಹೋಗಿ
ಎಣ್ಣಿ ಹಚ್ಚಿ ನೋಡಿದೆ. ದಾನ ಅಲ್ಲ ಅದು. ಗಾಣ.’

ಹಳೆಯ ಹಾಜರಿ ಪುಸ್ತಕದಿಂದ ವಿಳಾಸ ಹೆಕ್ಕಿ
ಓದಿ ಹೋದವರಿಗೆಲ್ಲ ಕಾರ್ಡು ಬರೆದರು.
ಮೈಂದರ್ಗಿಯಲ್ಲಿ ನಮ್ಮ ದೊಡ್ಡಪ್ಪನ ಮಗಳಿಗೂ ಬಂತು,
ಎರಡು ಮಕ್ಕಳ ತಾಯಿ, ರೊಟ್ಟಿ ತಟ್ಟುತ್ತಿದ್ದಳು.
ಹಿಟ್ಟಿನ ಕೈಯಲ್ಲೇ ಓದಿ ನಕ್ಕಳು:
‘ಸರಗ ಹುಚ್ಚ ಹಿಡದೈತಿ. ಈ ಗಾಣ ಕಟಗೊಂಡ ನಾ ಏನ ಮಾಡ್ಲಿ?’
ನಗುತ್ತಲೇ ಕಾರ್ಡನ್ನು ಕನ್ನಡಿಯ ಹಿಂದೆ ಸಿಗಿಸಿದಳು.
ಅದು ಇನ್ನೂ ಅಲ್ಲೇ ಇದೆ. ತಲೆ ಬಾಚುವಾಗ
ಅದರದೊಂದು ಮೂಲೆ ಕಾಣುತ್ತದೆ.

ಇಷ್ಟೆಲ್ಲ ನೆನಪಾಗಿ, ಪೆನ್ನು ಹದಿನೇಳರ ಮೇಲೆ ನಿಂತು,
ನಾನು ನಡುವಿನ ಮನೆಗೆ ಗುರುತು ಹಾಕಿದೆ.
ಹೇಳಲಾರೆ.
ಮುಖ್ಯಸ್ಥರ ಕೈಯಲ್ಲಿ ನನ್ನ ಮೂವತ್ತು ಅಂಕಗಳಿವೆ.
ಅವರ ಹೆಸರನ್ನು ನೋಡಿ, ಇಲ್ಲಿಯೂ ಬರೆದಿಲ್ಲ.

ಹಾಳೆ ಹೋಯಿತು, ನೂರಾ ಹನ್ನೆರಡರಲ್ಲಿ ಒಂದಾಗಿ.
ನನ್ನದೆಂದು ಯಾರೂ ಹಿಡಿಯಲಾರರು,
ನಾನು ಕೂಡ.
ನೀತಿಯ ಮೂವತ್ತೆರಡು ಪ್ರಶ್ನೆಗಳಲ್ಲಿ
ವಿದ್ಯಾರ್ಥಿಯ ಬಗ್ಗೆ ಒಂದೂ ಇರಲಿಲ್ಲ.

ಸ್ಟ್ಯಾಂಡಿನ ಎದುರಿನ ಅಂಚೆ ಕಚೇರಿಯಲ್ಲಿ ಕಾರ್ಡು ಕೇಳಿದೆ.
ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ,
ಇದನ್ನು ಇನ್ನೂ ಯಾರು ಕೊಳ್ಳುತ್ತಾರೆಂಬಂತೆ.
ಬಸ್ಸಿನಲ್ಲಿ ಮೊಣಕಾಲ ಮೇಲಿಟ್ಟುಕೊಂಡೆ.
ಬಲಗಡೆ ವಿಳಾಸದ ಗೆರೆಗಳು ಖಾಲಿ. ಎಡಗಡೆ ಬರೆದೆ:
ಹದಿನೇಳು. ಹೇಳಲಾರೆ ಅಲ್ಲ ಅದು.

ಮುಂದಿನ ಶಬ್ದಕ್ಕೆ
ಬಸ್ಸು ಕುಲುಕಿತು.