ಅರವತ್ತಕ್ಕೆ ಕಮ್ಮಿಯಿಲ್ಲ

ಹಾಸನದ ಸಂತೆಪೇಟೆ ಹಿಂದಿನ ಗಲ್ಲಿಯಲ್ಲಿ
ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿ.
ಆರು ವರ್ಷ ಅಲ್ಲಿ ನನ್ನ ಕೆಲಸ
ಉದ್ದ ಸ್ಕ್ರೂಡ್ರೈವರಿನ ಮೂತಿ ಮೋಟಾರಿಗೆ, ಹಿಡಿ ಕಿವಿಗೆ,
ಕಣ್ಣು ಮುಚ್ಚಿ ಕೇಳುವುದು:
ಬೇರಿಂಗ್ ಹೋಗಿದೆಯೋ
ಇನ್ನೊಂದು ಬೆಳೆಗೆ ತಡೆಯುತ್ತದೋ.

ನನ್ನದನ್ನು ಕೇಳಿರಲಿಲ್ಲ.
ಚಾ ಕುಡಿಯುತ್ತಿದ್ದವನು ನಿಂತಲ್ಲೇ ಬಿದ್ದೆನಂತೆ,
ಗ್ಲಾಸು ಒಡೆಯಲಿಲ್ಲ,
ಎಲ್ಲರೂ ಮೊದಲು ಅದನ್ನೇ ಹೇಳುತ್ತಾರೆ.

ಮೈಸೂರಿನಲ್ಲಿ ಡಾಕ್ಟರು ಫೈಲನ್ನು ಎರಡು ಸಲ ಓದಿದರು.
ವಯಸ್ಸು ಇಪ್ಪತ್ಮೂರು, ಬಡಿತ ಮೂವತ್ತೆರಡು.
ಯಾವುದೋ ಒಂದು ಬೇರೆಯವರದು ಎಂಬಂತೆ ನನ್ನ ಮುಖ ನೋಡಿದರು.
ಪಕ್ಕದ ಮಂಚದ ಅಜ್ಜ ಮಾತ್ರ ಖುಷಿಯಾಗಿದ್ದ:
‘ನಂದೂ ಇದೇ ಮಾಡಲ್ಲು ಕಣಪ್ಪ.’

ಈಗ ಎಡಗಡೆ, ಕೊರಳೆಲುಬಿನ ಕೆಳಗೆ,
ಬೆಂಕಿಪೊಟ್ಟಣದಷ್ಟು ಒಂದು ಉಬ್ಬು.
ಅಂಚು ಬೆರಳಿಗೆ ಸಿಗುತ್ತದೆ.
ಸಿಗಬಾರದೆಂದರೂ ಬೆರಳು ಹೋಗುತ್ತದೆ.
ಆರು ವಾರ ಎಡಗೈ ಎತ್ತುವಂತಿಲ್ಲ,
ಅಮ್ಮ ಅಂಗಿ ತೊಡಿಸುತ್ತ ಗುಂಡಿಯ ಹತ್ತಿರ ಬಂದಾಗ
ಬೇರೆ ಕಡೆ ನೋಡುತ್ತಾಳೆ.
‘ಹೆಣ್ಣಿನ ಕಡೆಯೋರಿಗೆ ಈಗಲೇ ಹೇಳೋದು ಬೇಡ’ ಅನ್ನುತ್ತಾಳೆ,
ಯಾವ ಹೆಣ್ಣಿನ ಕಡೆಯವರೂ ಇನ್ನೂ ಬಂದಿಲ್ಲ.

ಅಂಗಡಿಯಲ್ಲಿ ದಸ್ತಗೀರಣ್ಣ
ನೆಲಕ್ಕೆ ಹಳದಿ ಬಣ್ಣದ ಗೆರೆ ಎಳೆದಿದ್ದರು.
ಆಚೆ ವೆಲ್ಡಿಂಗ್ ಮಿಷಿನ್ನು, ಓಡುವ ಮೋಟಾರು, ನನ್ನ ಸ್ಟೂಲು.
ಈಚೆ ಬಿಲ್ ಪುಸ್ತಕ.
ರಿವೈಂಡಿಂಗ್‌ಗೆ ಆರು ತಿಂಗಳು ಗ್ಯಾರಂಟಿ,
ನೀರು ಹೊಕ್ಕರೆ ನಾವು ಜವಾಬ್ದಾರರಲ್ಲ,
ಬರೆದೂ ಬರೆದೂ ಅಕ್ಷರ ಸುಧಾರಿಸಿದೆ.

ತಪಾಸಣೆಗೆ ಹೋದಾಗ ಪರದೆಯ ಮುಂದಿನ ಹುಡುಗಿ
‘ಸ್ವಲ್ಪ ಜೋರು ಮಾಡ್ತೀನಿ’ ಎಂದಳು.
ಹೆದರಿಕೆಯಿಲ್ಲ, ಮೆಟ್ಟಿಲಿಲ್ಲ, ಪ್ರೀತಿಯಿಲ್ಲ,
ಕುರ್ಚಿಯಲ್ಲಿ ಕೂತಿದ್ದಂತೆಯೇ ಎದೆ ಓಡಿತು.
ನಾಚಿಕೆಯಾಯಿತು.
ಬ್ಯಾಟರಿ ಇನ್ನೂ ಒಂಬತ್ತು ವರ್ಷ ಎರಡು ತಿಂಗಳಂತೆ.
ನಮ್ಮ ಅಂಗಡಿಗಿಂತ ಒಳ್ಳೇ ಗ್ಯಾರಂಟಿ.

ಬೆಳಗಿನ ಸಂತೆಯಲ್ಲಿ ಬೀನ್ಸಿನವಳು ಕೂಗುತ್ತಾಳೆ,
‘ಅರವತ್ತಕ್ಕೆ ಕಮ್ಮಿ ಇಲ್ಲಾ.’
ರಾತ್ರಿ ನನ್ನೊಳಗೂ ಅದೇ ವ್ಯಾಪಾರ.
ನಿದ್ದೆಗೆ ಜಾರುವ ಹೃದಯ ಚೌಕಾಸಿ ಮಾಡುತ್ತದೆ:
ಐವತ್ತು? ನಲವತ್ತೆಂಟು?
ಡಬ್ಬಿಯೊಳಗಿನವನು ತಲೆಯೆತ್ತಿ ಸಹ ನೋಡುವುದಿಲ್ಲ.

ಮೊನ್ನೆ ಭಾನುವಾರ, ಕರೆಂಟಿಲ್ಲ,
ಎಲ್ಲ ಯಂತ್ರಗಳೂ ತೆಪ್ಪಗಿದ್ದಾಗ
ದಸ್ತಗೀರಣ್ಣ ಗೆರೆ ದಾಟಿ ಬಂದರು,
ಕೈಯಲ್ಲಿ ನನ್ನ ಸ್ಕ್ರೂಡ್ರೈವರು.
ಹಿಡಿ ತಮ್ಮ ಕಿವಿಗಿಟ್ಟು, ಮೂತಿ ನನ್ನ ಎದೆಗೂಡಿಗೆ ಮೆಲ್ಲಗೆ ಒತ್ತಿ
ಬಹಳ ಹೊತ್ತು ಕೇಳಿದರು.
‘ಗಡಿಯಾರ’ ಅಂದರು.
ಆಮೇಲೆ, ‘ನಂದೂ ನೋಡು.’

ನೋಡಿದೆ. ಕಣ್ಣು ಮುಚ್ಚಿ, ಹಳೇ ರೂಢಿಯಂತೆ.
ಮೂರು ಸರಿ, ಒಂದು ಇಲ್ಲ.
ಎರಡು ಸರಿ, ಒಂದು ಇಲ್ಲ.

ಆಸ್ಪತ್ರೆಗೆ ಹೋಗೋಣ ಎಂದೆ.
ಸೀಸನ್ ಮುಗೀಲಿ ಎಂದರು.
ಬರೋ ತಿಂಗಳು ಎಂದರು.
ಬರೋ ವಾರ, ಆಣೆಗೂ ಎಂದರು.

ನಾಳೆ ಎಂದೆ.
ಅದಕ್ಕೆ ಕಮ್ಮಿಯಿಲ್ಲ.