ಏಳು ದಿನ ನೀರು

ಗೋಡೆ ಕೆಡವಲು ಕರೆದರು. ದಿನಗೂಲಿ ಒಂಬೈನೂರು, ಮಧ್ಯಾಹ್ನ ಗಂಜಿ.
ಮಡಗಾಂವಿನಿಂದ ಬಸ್ಸಿನಲ್ಲಿ ಮುಕ್ಕಾಲು ತಾಸು,
ಕೆರೆ ದಂಡೆಯ ಇಗರ್ಜಿ, ಅದರ ಬೆನ್ನಿಗೆ ಗೋರಿಗಳು.
ಚಿರೆಕಲ್ಲು, ಸುಣ್ಣ ಬೆಲ್ಲದ ಹಳೇ ಗಾರೆ,
ಹಾರೆಗೆ ಸುಲಭಕ್ಕೆ ಬಗ್ಗುವ ಜಾತಿಯಲ್ಲ.

'ಎಷ್ಟು ಸರಿಸಬೇಕು ಫಾದರ್?'
'ಹದಿನಾಲ್ಕು ಅಡಿ,' ಎಂದರು ಪಾದ್ರಿ ಲಿಗೋರಿಯೊ.
'ಆಚೆ ಏನೂ ಇಲ್ಲವಲ್ಲ. ಮುಳ್ಳು, ಒಂದು ಗೇರುಮರ.'
'ಇದ್ದಾರೆ. ನೀರು ಬೀಳುವ ಮೊದಲೇ ಸತ್ತ ಕೂಸುಗಳು.'

ನೀರು ಅಂದರೆ ಮಳೆಯಲ್ಲ.
ನೆತ್ತಿಯ ಮೇಲೆ ಮೂರು ಸಲ ಬಿದ್ದರೆ ಹೆಸರು,
ಹೆಸರಿದ್ದರೆ ಒಳಗೆ ಜಾಗ.
ಬೀಳದಿದ್ದರೆ ರಾತ್ರಿ ಹೊತ್ತು, ಗಂಟೆ ಬಾರಿಸದೆ,
ಗೋಡೆಯ ಹೊರಗೆ ಮೊಣಕಾಲುದ್ದದ ಗುಂಡಿ.

ಊಟಕ್ಕೆ ನಮ್ಮ ಜೊತೆ ಕಲ್ಲಿನ ಮೇಲೆ ಕೂತು ಹೇಳಿದರು:
ಬಹಳ ಹಿಂದೆ ಆಫ್ರಿಕಾದ ಒಬ್ಬ ಬಿಷಪರು
ಇಂಥ ಕೂಸುಗಳಿಗೂ ಬೆಂಕಿಯೇ ಎಂದರಂತೆ,
ಆದರೆ ಎಲ್ಲಕ್ಕಿಂತ ಸಣ್ಣ ಉರಿ.
(ಹಾಲು ಉಕ್ಕದಿರಲೆಂದು ಒಲೆ ತಗ್ಗಿಸಿದ ಹಾಗೆ, ಅಂದುಕೊಂಡೆ.)
ಏಳೆಂಟು ನೂರು ವರ್ಷದ ಮೇಲೆ ಪಂಡಿತರ ಕರುಳು ಚುರುಕ್ಕೆಂದು
ಉರಿ ಆರಿಸಿ, ಅಂಚಿನಲ್ಲೊಂದು ಕೋಣೆ ಕಟ್ಟಿದರು:
ನೋವಿಲ್ಲ, ಅಳುವಿಲ್ಲ, ಕಿಟಕಿಯೂ ಇಲ್ಲ.
ದೇವರ ಮುಖವೊಂದು ಬಿಟ್ಟು ಎಲ್ಲ ಉಂಟು.
ಆ ಕೋಣೆಯನ್ನು ಯಾರೂ ಕೆಡವಲಿಲ್ಲ,
ಅದರ ಮಾತೆತ್ತುವವರು ಕಡಿಮೆಯಾದರು, ಅಷ್ಟೇ.
ಮೊನ್ನೆ ಮೊನ್ನೆ ರೋಮಿನಲ್ಲಿ ಕೂತು ಬರೆದರಂತೆ,
ಆಸೆ ಇಟ್ಟುಕೊಳ್ಳಲು ಕಾರಣಗಳಿವೆ ಎಂದು.

'ಖಾತ್ರಿ ಐತೇನ್ರಿ?' ಕೇಳಿದ ಹುಲಗಪ್ಪ.
'ಇಲ್ಲ. ಆಸೆ,' ಎಂದರು ಪಾದ್ರಿ, ಬಟ್ಟಲು ತೊಳೆಯುತ್ತಾ.

ಗುರುವಾರ ಬಂದಳು ಕೊನ್ಸೆಸಾಂವ್ ಮಾಯ್.
ಕೋಲು, ಹೂವಿನ ಫ್ರಾಕು, ರಬ್ಬರ್ ಚಪ್ಪಲಿ.
ನೆಟ್ಟಗೆ ಗೇರುಮರದ ಬುಡಕ್ಕೆ ಹೋಗಿ ನಿಂತಳು.
ಹುಡುಕಲಿಲ್ಲ.

ಪೋರ್ತುಗೀಜರು ಇನ್ನೂ ಇದ್ದ ಕಾಲ. ಗಂಡ ಹಡಗಿನಲ್ಲಿ.
ಹೆಣ್ಣು ಕೂಸು, ಎರಡು ತಾಸು ಬದುಕಿತ್ತು.
ಸೂಲಗಿತ್ತಿ ಹಿಂದು, ಆದರೂ ಅವಳೇ ನೀರು ಹಾಕಬಹುದಿತ್ತಂತೆ.
ಯಾರ ಕೈಯಾದರೂ ನಡೆಯುತ್ತದಂತೆ, ಮನಸ್ಸಿದ್ದರೆ ಸಾಕು.
ಅವಳಿಗೆ ಯಾರೂ ಹೇಳಿರಲಿಲ್ಲ.
ಕೈ ತೊಳೆಯಲು ಮಾತ್ರ ಬಂತು, ಕೊಡ ತುಂಬಾ ನೀರು.

ಪಾದ್ರಿ ಬಗ್ಗಿ ಮೆಲ್ಲಗೆ ಅಂದರು, ಈಗ ಭಯವಿಲ್ಲ ಮಾಯ್.
ಅವಳು ಕೋಲಿನಿಂದ ನೆಲ ಕುಟ್ಟಿದಳು:
'ಹಾಗಾದರೆ ಅರವತ್ತು ವರ್ಷ ಎಲ್ಲಿದ್ದಳು?
ನಿಮ್ಮ ಕೋಣೆಯಿಂದ ಈಗ ಎದ್ದು ಹೊರಟಳೋ,
ಮೊದಲಿಂದಲೂ ಅಲ್ಲೇ ಇದ್ದು
ನಾನೊಬ್ಬಳೇ ಹೊರಗಿದ್ದೆನೋ?'

ಪಾದ್ರಿ ಮಾತಾಡಲಿಲ್ಲ. ಒಳ್ಳೆಯ ಮನುಷ್ಯ.
ನಾನು ಹಾರೆ ಎತ್ತಿಕೊಂಡೆ, ಕೆಲಸ ಇತ್ತಲ್ಲ.
ಬುಡದ ಕಲ್ಲು ಕಿತ್ತಾಗ ಕಂಡಿತು:
ಗೇರಿನ ಬೇರು, ತೋಳಿನಷ್ಟು ದಪ್ಪ,
ಯಾವಾಗಲೋ ಗೋಡೆಯಡಿ ನುಸುಳಿ
ಒಳಗೆ ಹೋಗಿಬಿಟ್ಟಿತ್ತು.
ಕರೆದು ತೋರಿಸಿದೆ. ಅವಳು ನೋಡಿದಳು,
ನೋಡುತ್ತಲೇ ಇದ್ದಳು. ಪಾದ್ರಿಯೂ.

ಇನ್ನೊಂದು ಶನಿವಾರಕ್ಕೆ ಹೊಸ ಗೋಡೆ ಎದ್ದಿತು.
ಮರದಡಿ ಒಂದು ಮೊಳದ ಹಾಸು, ಹಸಿ ಸಿಮೆಂಟು.
'ಹೆಸರು ಬರೆ,' ಎಂದು ನನ್ನ ಕಿವಿಗೆ ಬಾಯಿ ತಂದಳು.
ಯಾರಿಗೂ ಹೇಳಿರದ ಹೆಸರು, ಗಂಡನಿಗೂ.
ನನಗೆ ಬರುವುದು ಕನ್ನಡ, ಅದೂ ನಾಲ್ಕನೇ ಇಯತ್ತೆ.
'ನಡೆಯುತ್ತದೆ,' ಎಂದಳು.
ಕರಣಿಯ ತುದಿಯಿಂದ ಬರೆದೆ, ಬಾಯಲ್ಲಿ ಹೇಳಿಕೊಳ್ಳುತ್ತಾ:
ಮಕ್ಕೆ ಗುಡಿಸು, ಲಕ್ಕೆ ಇಳಿ,
ಗಕ್ಕೆ ಗುಡಿಸು, ಅದರಡಿ ರ ಒತ್ತು,
ನಕ್ಕೆ ಇಳಿ.
ಓದಲು ಬಾರದ ಅವಳು ಅಂಗೈಯನ್ನು
ಮುಟ್ಟದೆ, ಅಕ್ಷರದ ಮೇಲೆ ಆಡಿಸಿದಳು.

ಸಿಮೆಂಟಿಗೆ ಏಳು ದಿನ ನೀರು ಬೇಕು, ಇಲ್ಲದಿದ್ದರೆ ಬಿರಿಯುತ್ತದೆ.
ಮರುದಿನ ಸಂಜೆ ಬಾವಿಯಿಂದ ಬಕೆಟ್ಟು ತಂದೆ.
ಒಂದು ಚೊಂಬು.
ಎರಡು.
ಇಗರ್ಜಿಯ ಮೆಟ್ಟಿಲಲ್ಲಿ ಕೂತಿದ್ದ ಪಾದ್ರಿ
ಯಾಕೋ ಎದ್ದು ನಿಂತರು.
ಮೂರು.